ಚಳಿಯೊಂದೇ ಇದ್ದರೆ ಹಿಮ ಬೀಳುವುದಿಲ್ಲ

ಎರಡು ಊರುಗಳ ಹೆಸರು ಹೇಳುತ್ತೇನೆ. ಒಂದು ಸೈಬೀರಿಯಾದ ಯಾಕುಟ್ಸ್ಕ್. ಜನವರಿಯಲ್ಲಿ ಅಲ್ಲಿ ಸರಾಸರಿ ಮೈನಸ್ 38 ಡಿಗ್ರಿ ಚಳಿ. ಇನ್ನೊಂದು ಜಪಾನಿನ ಪಶ್ಚಿಮ ಕರಾವಳಿಯ ತಕಾದ. ಅಲ್ಲಿ ಜನವರಿ ತಿಂಗಳ ಸರಾಸರಿ ಸೊನ್ನೆಗಿಂತ ಎರಡು ಡಿಗ್ರಿ ಮೇಲೇ ಇರುತ್ತದೆ. ಯಾವ ಊರಲ್ಲಿ ಹಿಮ ಜಾಸ್ತಿ?

ನಾನು ಕೇಳಿದವರೆಲ್ಲ ಯಾಕುಟ್ಸ್ಕ್ ಅಂದರು. ಆದರೆ ಅಲ್ಲಿ ಇಡೀ ಚಳಿಗಾಲ ಕಳೆದರೂ ನೆಲದ ಹಿಮ ಮೊಣಕಾಲು ಮುಟ್ಟಿದರೆ ಹೆಚ್ಚು. ತಕಾದದಲ್ಲಿ 1945ರ ಫೆಬ್ರವರಿಯಲ್ಲಿ 377 ಸೆಂ.ಮೀ. ಹಿಮ ನಿಂತಿತ್ತು. ಅಂದರೆ ಇಬ್ಬರು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮುಳುಗುವಷ್ಟು. ಅದೇ ದೇಶದ ಇಬುಕಿ ಬೆಟ್ಟದಲ್ಲಿ 1927ರಲ್ಲಿ ಅಳೆದದ್ದು 11.82 ಮೀಟರ್. ಆ ದಾಖಲೆ ಇನ್ನೂ ಮುರಿದಿಲ್ಲ.

‘ಚಳಿ ಜಾಸ್ತಿಯಾದಷ್ಟೂ ಹಿಮ ಜಾಸ್ತಿ’ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಎಲ್ಲೋ ದಂಡಿಯಾಗಿ ಹಿಮ ಬಿದ್ದ ಸುದ್ದಿ ಬಂದ ಕೂಡಲೇ ‘ಭೂಮಿ ಬಿಸಿಯಾಗ್ತಿದೆ ಅನ್ನೋದೆಲ್ಲ ಸುಳ್ಳು’ ಎಂಬ ಮಾತು ಫೋನಿನಿಂದ ಫೋನಿಗೆ ಹಾರುತ್ತದೆ. ಓದಿದವರೂ ಅದನ್ನು ಮುಂದಕ್ಕೆ ಕಳಿಸುತ್ತಾರೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಮನೆಯ ಹಳೇ ಸಿಂಗಲ್ ಡೋರ್ ಫ್ರಿಡ್ಜ್‌ನಿಂದಲೇ ಶುರು ಮಾಡುತ್ತೇನೆ. ಮಳೆಗಾಲದಲ್ಲಿ ಅದರ ಫ್ರೀಜರ್ ಗೋಡೆಗೆ ಹತ್ತೇ ದಿನದಲ್ಲಿ ಬೆರಳುದಪ್ಪ ಹಿಮ ಕಟ್ಟುತ್ತದೆ. ಬಾಗಿಲು ಸರಿಯಾಗಿ ಕೂರದಿದ್ದರೆ ಐಸ್ ಟ್ರೇ ಕೂಡ ಈಚೆಗೆ ಬರುವುದಿಲ್ಲ. ಬೇಸಿಗೆಯ ಒಣ ಹವೆಯಲ್ಲಿ ಅಷ್ಟು ಕಟ್ಟುವುದಿಲ್ಲ. ಫ್ರೀಜರಿನ ಚಳಿ ಎರಡೂ ಕಾಲಕ್ಕೆ ಒಂದೇ. ವ್ಯತ್ಯಾಸ ಇರುವುದು ಅಡುಗೆಮನೆಯಿಂದ ಒಳಗೆ ನುಗ್ಗುವ ತೇವದಲ್ಲಿ. ನಾನು ಮರದ ಸೌಟಿನಲ್ಲಿ ಕೆರೆದು ತೆಗೆಯುವ ಆ ಬಿಳಿ ಪುಡಿ ನಿನ್ನೆ ಅನ್ನದ ಪಾತ್ರೆಯಿಂದ ಎದ್ದ ಹಬೆಯೇ ಇರಬಹುದು.

ಗಾಳಿ ಎಷ್ಟು ನೀರಾವಿ ಹೊರಬಲ್ಲದು ಎಂಬುದಕ್ಕೆ ಲೆಕ್ಕ ಇದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಹೊರುತ್ತದೆ, ಹೆಚ್ಚುಕಡಿಮೆ ಆರು ಟೀ ಚಮಚ ನೀರು. ಸೊನ್ನೆ ಡಿಗ್ರಿಗೆ ಇಳಿದರೆ ಒಂದೇ ಚಮಚ. ಮೈನಸ್ 20ಕ್ಕೆ ಒಂದು ಗ್ರಾಂ. ಮೈನಸ್ 40ಕ್ಕೆ ಒಂದೆರಡು ಹನಿ. ಯಾಕುಟ್ಸ್ಕ್‌ನ ಗಾಳಿಯ ಜೇಬು ಖಾಲಿ. ಅದು ಹಿಮ ಎಲ್ಲಿಂದ ತಂದೀತು?

ಈಗ ಜಪಾನಿಗೆ ಬನ್ನಿ. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ಭಾರವಾದ ತಣ್ಣನೆ ಗಾಳಿ ರಾಶಿ ಬೀಳುತ್ತದೆ. ಅದು ಆಗ್ನೇಯಕ್ಕೆ ಹರಿಯುತ್ತದೆ. ದಾರಿಯಲ್ಲಿ ಜಪಾನ್ ಸಮುದ್ರ, ಸುಮಾರು 800 ಕಿ.ಮೀ. ಅಗಲ. ದಕ್ಷಿಣದಿಂದ ಬರುವ ತ್ಸುಶಿಮಾ ಎಂಬ ಬೆಚ್ಚಗಿನ ಸಮುದ್ರಪ್ರವಾಹ ಈ ಸಮುದ್ರವನ್ನು ಬೆಚ್ಚಗಿಡುತ್ತದೆ. ಮೈನಸ್ 20 ಡಿಗ್ರಿಯ ಗಾಳಿಗೆ ಉಗುರು ಬೆಚ್ಚಗೂ ಇಲ್ಲದ ಆ ನೀರು ಕುದಿಯುವ ಹಂಡೆ ಇದ್ದ ಹಾಗೆ. ನಸುಕಿನ ಚಳಿಯಲ್ಲಿ ಕೆರೆಯಿಂದ ಹೊಗೆ ಏಳುವುದನ್ನು ನೋಡಿದ್ದೀರಲ್ವಾ, ಹಾಗೆ ಸಮುದ್ರವೇ ಹೊಗೆಯಾಡುತ್ತದೆ. ಗಾಳಿ ಒಣ ಬಟ್ಟೆಯ ಹಾಗೆ ಹೀರುತ್ತಾ ಹೋಗುತ್ತದೆ. ಹೀರಿದಷ್ಟೂ ಬೆಚ್ಚಗಾಗುತ್ತದೆ, ಬೆಚ್ಚಗಾದಷ್ಟೂ ಇನ್ನಷ್ಟು ಹೀರುತ್ತದೆ. ಖಾಲಿ ಬಸ್ಸು 800 ಕಿ.ಮೀ. ಉದ್ದಕ್ಕೂ ಸ್ಟಾಪ್ ಸ್ಟಾಪಿನಲ್ಲಿ ಜನ ಹತ್ತಿಸಿಕೊಂಡಂತೆ. ಉಪಗ್ರಹದ ಚಿತ್ರದಲ್ಲಿ ಸಮುದ್ರದ ಮೇಲೆ ಸಾಲು ಸಾಲು ಮೋಡ ಕಾಣುತ್ತದೆ, ಈಗಷ್ಟೇ ಉತ್ತ ಹೊಲದ ಹಾಗೆ.

ಆಮೇಲೆ ಎದುರಾಗುವುದು ಜಪಾನಿನ ನಡುಬೆನ್ನಿನಂಥ ಬೆಟ್ಟಸಾಲು. ತುಂಬಿದ ಬಸ್ಸು ಘಾಟಿ ಹತ್ತಲಾರದು, ಎಲ್ಲರನ್ನೂ ಬುಡದಲ್ಲೇ ಇಳಿಸುತ್ತದೆ. ಇದು ನಮಗೆ ಗೊತ್ತಿರುವ ಕಥೆಯೇ. ಅರಬ್ಬೀ ಸಮುದ್ರದ ಗಾಳಿ ಆಗುಂಬೆಯಲ್ಲಿ ಸುರಿದು ಚಳ್ಳಕೆರೆಗೆ ಬರಿಗೈಲಿ ಹೋಗುತ್ತದಲ್ಲ, ಅದೇ. ಅಲ್ಲಿ ತಕಾದ ಇರುವ ನೀಗಾತ ಪ್ರಾಂತ್ಯ ಆಗುಂಬೆ, ಬೆಟ್ಟದಾಚೆಯ ಟೋಕಿಯೊ ಚಳ್ಳಕೆರೆ. ನೀಗಾತದವರು ಸಲಿಕೆ ಹಿಡಿದು ಬೆವರುವ ದಿನವೇ ಟೋಕಿಯೊದವರು ಬಿಸಿಲಲ್ಲಿ ಬಟ್ಟೆ ಒಣಗಿಸುತ್ತಿರುತ್ತಾರೆ.

ಇದೇ ಕರಾವಳಿಯ ಇಶಿಕಾವಾದಲ್ಲಿ 1900ರಲ್ಲಿ ಹುಟ್ಟಿದ ಉಕಿಚಿರೊ ನಕಾಯಾ ಎಂಬ ಭೌತವಿಜ್ಞಾನಿಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಹಿಮದ ಹರಳನ್ನು ಬೆಳೆಸಬೇಕೆಂದು ಆತ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಹೆಣಗಿದರು. ಗಾಜಿನ ಕೊಳವೆಯ ತಳದಲ್ಲಿ ಬೆಚ್ಚಗಿನ ನೀರು, ಮೇಲೆ ಕೊರೆಯುವ ಚಳಿ, ನಡುವೆ ತೂಗುಬಿಟ್ಟ ಒಂದು ಎಳೆ. ಹತ್ತಿ, ರೇಷ್ಮೆ, ಉಣ್ಣೆ ಎಲ್ಲದಕ್ಕೂ ಹಿಮ ಮೆತ್ತಿಕೊಂಡು ಮುದ್ದೆಯಾಗುತ್ತಿತ್ತು. ಕೊನೆಗೆ ಕೈಹಿಡಿದದ್ದು ಮೊಲದ ಕೂದಲು. ಅದರ ಮೇಲಿನ ಸಣ್ಣ ಗಂಟುಗಳಲ್ಲಿ ಮಾತ್ರ ಹರಳು ಕೂತಿತು. 1936ರ ಮಾರ್ಚ್‌ನಲ್ಲಿ ಮನುಷ್ಯ ಮಾಡಿದ ಮೊದಲ ಹಿಮದ ಹರಳು ಆರು ರೆಂಬೆ ಚಾಚಿ ನಿಂತಿತು. ಮೈನಸ್ 15 ಡಿಗ್ರಿಯ ಹತ್ತಿರ, ತೇವ ಸಾಕಷ್ಟಿದ್ದರೆ ಜರೀಗಿಡದಂಥ ರೆಂಬೆ. ಮೈನಸ್ 5ರ ಹತ್ತಿರ ಸೂಜಿ. ಹರಳು ನೋಡಿದರೆ ಅದು ಹುಟ್ಟಿದ ಜಾಗದ ಚಳಿ, ತೇವ ಎರಡನ್ನೂ ಓದಬಹುದು. ಅದಕ್ಕೇ ಹಿಮವನ್ನು ಆತ ಆಕಾಶದಿಂದ ಬಂದ ಪತ್ರ ಅಂದರು. ಕೆಳಗೆ ಬೆಚ್ಚಗಿನ ನೀರು, ಮೇಲೆ ಸೈಬೀರಿಯಾ: ಆ ಕೊಳವೆ ಗೇಣುದ್ದದ ಜಪಾನ್ ಸಮುದ್ರವೇ ಆಗಿತ್ತು ಎಂದು ನೆನೆದಾಗೆಲ್ಲ ನನಗೆ ಖುಷಿಯಾಗುತ್ತದೆ.

ಹಿಮ ಹುಟ್ಟುವ ರೀತಿ ಬೇರೆಯಾದರೆ ಹಳ್ಳಿಯ ಬದುಕೂ ಬೇರೆಯಾಗುತ್ತದೆ. ಜಪಾನಿನ ಹಿಮನಾಡಿನ ತೊಂದರೆ ಭಾರ. ಸೊನ್ನೆಯ ಆಸುಪಾಸಿನ ಒದ್ದೆ ಹಿಮ ಕುಸಿದು ಗಟ್ಟಿಯಾದರೆ ಘನ ಮೀಟರಿಗೆ 300 ಕಿಲೋ ತೂಗುತ್ತದೆ. ನೂರು ಚದರ ಮೀಟರಿನ ಚಾವಣಿಯ ಮೇಲೆ ಒಂದು ಮೀಟರ್ ಹಿಮ ಅಂದರೆ 30 ಟನ್. ಏಳು ಆನೆಗಳು! ಶಿರಾಕಾವಾ ಹಳ್ಳಿಯ ಹುಲ್ಲಿನ ಮನೆಗಳ ಮಾಡು ಕೈ ಮುಗಿದ ಹಾಗೆ ಕಡಿದಾಗಿರುವುದು ಇದಕ್ಕೇ. ಆ ಮಾಡಿನ ಹುಲ್ಲು ಬದಲಿಸಲು ಊರಿಗೆ ಊರೇ ಬರುತ್ತದೆ. ಇವತ್ತು ನಿಮ್ಮ ಮನೆ, ಮುಂದೆ ನಮ್ಮ ಮನೆ. ಅವರು ಅದಕ್ಕೆ ‘ಯುಯಿ’ ಅನ್ನುತ್ತಾರೆ. ನಮ್ಮ ಮುಯ್ಯಾಳು ಪದ್ಧತಿಯೇ ಅದು.

ಬೇರೆ ಊರುಗಳಲ್ಲಿ ಮಾಡು ಹತ್ತಿ ಹಿಮವನ್ನು ಸಲಿಕೆಯಿಂದ ಇಳಿಸಬೇಕು. ಹರೆಯದವರು ಪಟ್ಟಣ ಸೇರಿದ್ದಾರೆ, ಮಾಡು ಹತ್ತುವವರು ಎಪ್ಪತ್ತು ದಾಟಿದವರು. 2005-06ರ ಚಳಿಗಾಲದಲ್ಲಿ ಜಪಾನಿನಲ್ಲಿ ಹಿಮದಿಂದ 152 ಮಂದಿ ಸತ್ತರು. ಹೆಚ್ಚಿನವರು ಹಿಮ ತೆಗೆಯಲು ಹೋದ ವಯಸ್ಸಾದವರೇ.

ಹಾಗಂತ ಆ ಹಿಮ ಬರೀ ಕಾಟ ಕೊಡುವುದಿಲ್ಲ. ಅದು ಬಂದ ದಾರಿಯ ತೇವವೇ ಅಲ್ಲಿನ ನೇಕಾರರ ಭಾಗ್ಯ. ಒಣ ಹವೆಯಲ್ಲಿ ರಾಮಿ ಎಂಬ ಗಿಡದ ನಾರಿನ ನೂಲು ಪಟಪಟನೆ ಹರಿಯುತ್ತದೆ, ಹಿಮದ ತಿಂಗಳಲ್ಲಿ ಹರಿಯುವುದಿಲ್ಲ. ನೇಯ್ದ ಬಟ್ಟೆಯನ್ನು ಹಿಮದ ಮೇಲೇ ಹಾಸಿ ಬಿಸಿಲಿಗೆ ಬಿಳಿ ಮಾಡುತ್ತಾರೆ. ಕ್ಯಾರೆಟ್ ಕೀಳದೆ ಹಾಗೇ ಬಿಡುತ್ತಾರೆ. ಹಿಮದಡಿ ಸೊನ್ನೆ ಡಿಗ್ರಿಯಲ್ಲಿ ಕೂತ ಗೆಡ್ಡೆ ತಾನು ಹೆಪ್ಪುಗಟ್ಟದಿರಲು ಸಕ್ಕರೆ ಹೆಚ್ಚಿಸಿಕೊಳ್ಳುತ್ತದೆ. ಮಾರ್ಚ್‌ನಲ್ಲಿ ಅಗೆದರೆ ಸಿಹಿ ಕ್ಯಾರೆಟ್ ಸಿಗುತ್ತದೆ.

ಯಾಕುಟ್ಸ್ಕ್ ಸುತ್ತಲಿನ ಸಾಖಾ ಜನರ ಹಳ್ಳಿಗಳಲ್ಲಿ ಎಲ್ಲವೂ ಉಲ್ಟಾ. ಅಲ್ಲಿ ನೆಲವೇ ಕಲ್ಲಾಗಿದೆ. ಫ್ಯೋದರ್ ಶೆರ್ಗಿನ್ ಎಂಬ ವ್ಯಾಪಾರಿ 1828ರಲ್ಲಿ ಅಂಗಳದಲ್ಲಿ ಬಾವಿ ತೋಡಿಸಲು ಶುರು ಮಾಡಿದ. ಸುಮಾರು ಹತ್ತು ವರ್ಷ, 116 ಮೀಟರ್. ನೀರು ಬರಲಿಲ್ಲ, ಹೆಪ್ಪುಗಟ್ಟಿದ ಮಣ್ಣು ಮುಗಿಯಲೂ ಇಲ್ಲ. ಹಾಗಾಗಿ ಹಳ್ಳಿಯವರು ಚಳಿ ಶುರುವಾದಾಗ ಕೆರೆಯ ಮಂಜುಗಡ್ಡೆಯನ್ನು ಚಪ್ಪಡಿ ಚಪ್ಪಡಿಯಾಗಿ ಕೊಯ್ದು ಅಂಗಳದಲ್ಲಿ ಒಟ್ಟುತ್ತಾರೆ. ನಾವು ಸೌದೆ ಒಟ್ಟಿದ ಹಾಗೆ. ದಿನಾ ಒಂದೊಂದು ತುಂಡು ಒಳಗೆ ತಂದು ಕರಗಿಸಿ ಕುಡಿಯುತ್ತಾರೆ. ಇದ್ದಷ್ಟು ಹಿಮವನ್ನು ಮನೆಯ ಗೋಡೆಗೆ ಒತ್ತಿ ಪೇರಿಸುತ್ತಾರೆ. ಹೊಸ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ. ಹತ್ತಿ ರಜಾಯಿಯ ಹಾಗೆ ಅದು ಒಳಗಿನ ಬಿಸಿಯನ್ನು ಬಿಟ್ಟುಕೊಡುವುದಿಲ್ಲ.

ಸಾಖಾ ಕುದುರೆಗಳು ಚಳಿಗಾಲವಿಡೀ ಬಯಲಲ್ಲೇ ಇರುತ್ತವೆ. ಗೊರಸಿನಿಂದ ಪುಡಿ ಹಿಮ ಕೆದರಿ ಅಡಿಯ ಒಣಹುಲ್ಲು ತಿನ್ನುತ್ತವೆ. ಹಿಮ ಕಡಿಮೆ, ಒಣ, ಹಗುರ ಆಗಿರುವುದರಿಂದಲೇ ಇದು ಸಾಧ್ಯ. ಇದೇ ಕುದುರೆಯನ್ನು ನೀಗಾತದ ಹಿಮದಲ್ಲಿ ಬಿಟ್ಟರೆ ಅದಕ್ಕೆ ಹುಲ್ಲು ಎಟುಕುವುದೇ ಇಲ್ಲ.

ಈಗ ಆ ಫೋನ್ ಸಂದೇಶಕ್ಕೆ ಉತ್ತರ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಸೊನ್ನೆಗಿಂತ ಬಹಳ ಕೆಳಗಿರುವ ಜಾಗದಲ್ಲಿ ಒಂದೆರಡು ಡಿಗ್ರಿ ಏರಿದರೆ ಒಂದೊಂದು ಸಲ ಬೀಳುವ ಹಿಮ ಹೆಚ್ಚಲೂಬಹುದು. ಸೊನ್ನೆಯ ಹತ್ತಿರ ಇರುವಲ್ಲಿ ಹಿಮದ ಬದಲು ಮಳೆ ಬರುತ್ತದೆ. ಆ ಮಳೆಯದ್ದೇ ನನಗೆ ಚಿಂತೆ.

2013ರ ನವೆಂಬರಿನಲ್ಲಿ ರಷ್ಯಾದ ಉತ್ತರ ಕರಾವಳಿಯ ಯಮಾಲ್‌ನಲ್ಲಿ ಹಾಗೇ ಆಯಿತು. ಉತ್ತರದ ಬ್ಯಾರೆಂಟ್ಸ್ ಮತ್ತು ಕಾರಾ ಸಮುದ್ರಗಳ ಮೇಲೆ ಮಂಜುಗಡ್ಡೆಯ ಮುಚ್ಚಳ ಕಡಿಮೆಯಾಗಿತ್ತು. ತೆರೆದ ನೀರು ಹಬೆ ಕೊಟ್ಟಿತು. ಹಿಮದ ಮೇಲೆ ಮಳೆ ಬಿತ್ತು. ಆಮೇಲೆ ಚಳಿ ಏರಿ ಎಲ್ಲವೂ ಗಾಜಿನಂತೆ ಹೆಪ್ಪುಗಟ್ಟಿತು. ನೆನೆಟ್ಸ್ ಜನರ ಹಿಮಸಾರಂಗಗಳು ಗೊರಸಿನಿಂದ ಆ ಪದರ ಒಡೆಯಲಾರದೆ ಹೋದವು. ಅಡಿಯಲ್ಲಿ ಮೇವು ಇದ್ದೇ ಇತ್ತು. ಅದರ ಮೇಲೇ ನಿಂತು 61,000 ಸಾರಂಗಗಳು ಹಸಿವಿನಿಂದ ಸತ್ತವು.