ಭಾರದ ಸವಾರರೇ, ಹಿಂದಿನ ಚಕ್ರಕ್ಕೆ ಮೊದಲು ದುಡ್ಡು ಹಾಕಿ

ಸೈಕಲ್ ಚಕ್ರ ಕಟ್ಟುವುದು ನನ್ನ ಕೆಲಸ. ನಡುವಿನ ಹಬ್ಬು, ಹೊರಸುತ್ತಿನ ರಿಮ್ಮು, ಎರಡನ್ನೂ ಜೋಡಿಸುವ ಕಡ್ಡಿ ಬಿಡಿಬಿಡಿಯಾಗಿ ಬರುತ್ತವೆ, ಚಕ್ರವಾಗಿ ಹೊರಗೆ ಹೋಗುತ್ತವೆ. ಮುರಿದ ಕಡ್ಡಿ ಹಿಡಿದುಕೊಂಡು ಬರುವವರಲ್ಲಿ ತೊಂಬತ್ತು ಕೆಜಿ ದಾಟಿದವರೇ ಹೆಚ್ಚು. ಬಂದವರೆಲ್ಲರ ಮೊದಲ ಮಾತೂ ಒಂದೇ: 'ನನ್ನ ತೂಕ ಜಾಸ್ತಿ, ಅದಕ್ಕೇ ಮುರೀತು.' ಆ ಮಾತನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಕಟ್ಟಿದ ಚಕ್ರ ನಿಮ್ಮ ತೂಕವನ್ನು ವರ್ಷಗಟ್ಟಲೆ ಸಲೀಸಾಗಿ ಹೊರುತ್ತದೆ, ಅದಕ್ಕೆ ವಿಪರೀತ ದುಡ್ಡೂ ಬೇಕಿಲ್ಲ.

ಕಳೆದ ವರ್ಷ ಒಬ್ಬರು ಬಂದರು. ತೂಕ 102 ಕೆಜಿ. ಹಗುರವಾಗಿದೆ ಎಂಬ ಒಂದೇ ಕಾರಣಕ್ಕೆ ಹೊಸ ಜೋಡಿ ಚಕ್ರ ಕೊಂಡಿದ್ದರು, ಮುಂದೆ 20 ಕಡ್ಡಿ, ಹಿಂದೆ 24. ಎರಡು ತಿಂಗಳಲ್ಲಿ ಹಿಂದಿನ ಚಕ್ರದಲ್ಲಿ ತುಂಡಾದ ಕಡ್ಡಿ ಇದು ಮೂರನೆಯದು. ಹಬ್ಬಿನ ತೂತಿನಿಂದ ಹೊರಬರುವಾಗ ಕಡ್ಡಿ ಬಾಗುತ್ತದಲ್ಲ, ಆ ಮೊಣಕೈಯಲ್ಲೇ ಮುರಿದಿತ್ತು. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ. ಅರ್ಧ ಭಾಗ ಕಪ್ಪಾಗಿತ್ತು, ಉಳಿದರ್ಧ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಕಪ್ಪಾದ ಭಾಗ ಎಂದೋ ಬಿರುಕು ಬಿಟ್ಟಿದ್ದು. ಹೊಳೆಯುವುದು ಮಾತ್ರ ಅವತ್ತಿನ ಮುರಿತ. ಆಮೇಲೆ ಎಡಬದಿಯ ಕಡ್ಡಿಗಳನ್ನು ಒಂದೊಂದಾಗಿ ತಂಬೂರಿಯ ತಂತಿಯಂತೆ ಮೀಟಿದೆ. ಕೆಲವು ಸಣ್ಣಗೆ ನುಡಿದವು, ಕೆಲವು ಸದ್ದೇ ಇಲ್ಲದೆ ಜೋತುಬಿದ್ದಿದ್ದವು. ರೋಗ ಅಲ್ಲಿತ್ತು.

ಸೈಕಲ್ ಚಕ್ರದ ಕಡ್ಡಿಗಳೆಲ್ಲ ಮೊದಲೇ ಬಿಗಿಯಾಗಿ ಎಳೆದಿಟ್ಟವು. ನೀವು ಹತ್ತಿ ಕೂತಾಗ ನೆಲದ ಹತ್ತಿರ ಬಂದ ನಾಲ್ಕಾರು ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ, ಚಕ್ರ ತಿರುಗಿ ಅವು ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತವೆ. ಅಂದರೆ ಒಂದು ಸುತ್ತಿಗೆ ಒಂದು ಸಲ ಸಡಿಲ, ಒಂದು ಸಲ ಬಿಗಿ. ರೋಡ್ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಕಿಲೋಮೀಟರಿಗೆ 475 ಸುತ್ತು. ಎರಡು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಪ್ರತಿ ಕಡ್ಡಿಯೂ ಒಂಬತ್ತು ಲಕ್ಷಕ್ಕೂ ಹೆಚ್ಚು ಸಲ ಹೀಗೆ ಸಡಿಲಾಗಿ ಬಿಗಿದಿರುತ್ತದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಕೊನೆಗೆ ಕೈಯಲ್ಲೇ ತುಂಡಾಗುತ್ತದೆ, ಇದೂ ಹಾಗೆಯೇ. ಸವಾರರ ತೂಕ ಹೆಚ್ಚಿದಷ್ಟೂ ಈ ಏರಿಳಿತ ದೊಡ್ಡದು. ಮೊದಲಿನ ಬಿಗಿಯೇ ಸಾಲದಿದ್ದರೆ ಕೆಳಗೆ ಬಂದ ಕಡ್ಡಿ ಪೂರ್ತಿ ಸಡಿಲವಾಗಿ, ಅದನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ತಾನಾಗಿ ಬಿಚ್ಚಿಕೊಳ್ಳುತ್ತದೆ, ಚಕ್ರ ಔಟ್ ಆಗುತ್ತದೆ, ಅಂದರೆ ನೆಟ್ಟಗೆ ತಿರುಗದೆ ಅತ್ತಿತ್ತ ವಾಲುತ್ತದೆ.

ಇದರ ಪೆಟ್ಟು ಹಿಂದಿನ ಚಕ್ರಕ್ಕೇ ಹೆಚ್ಚು. ಒಟ್ಟು ಭಾರದಲ್ಲಿ ಹೆಚ್ಚುಕಡಿಮೆ ಶೇ. 60 ಹಿಂದೆಯೇ ಬೀಳುತ್ತದೆ, ಪೆಡಲ್ ತುಳಿದ ಬಲವೂ ಅಲ್ಲಿಂದಲೇ ರಸ್ತೆಗೆ ಹೋಗಬೇಕು. ಸಾಲದ್ದಕ್ಕೆ ಬಲಗಡೆ ಗೇರಿನ ಹಲ್ಲುಚಕ್ರಗಳು ಜಾಗ ತಿನ್ನುವುದರಿಂದ ಆ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತವೆ, ಎಡಗಡೆಯವು ಓರೆಯಾಗಿ ಹರಡಿಕೊಳ್ಳುತ್ತವೆ. ರಿಮ್ ನಡುವೆ ನಿಲ್ಲಬೇಕಾದರೆ ಬಲಗಡೆ 110ರಿಂದ 120 ಕೆಜಿಯಷ್ಟು ಎಳೆತ ಕೊಡಬೇಕು. ಎಡಗಡೆ ಸಿಗುವುದು ಅದರ ಅರ್ಧ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. 102 ಕೆಜಿಯವರ ಚಕ್ರದಲ್ಲಿ ಬಲಗಡೆಯೇ 80ರ ಆಸುಪಾಸಿನಲ್ಲಿತ್ತು. ಎಡಗಡೆಗೆ ಏನು ಉಳಿದೀತು ಹೇಳಿ.

ಹಾಗಾಗಿ ಜೋಡಿ ಚಕ್ರ ಕೊಳ್ಳಲು ಬಂದವರಿಗೂ ನಾನು ಹೇಳುವುದು, ಮುಂದಿನದು ಚೆನ್ನಾಗಿದ್ದರೆ ಹಾಗೇ ಇರಲಿ ಬಿಡಿ, ಹಿಂದಿನದನ್ನು ಮಾತ್ರ ಗಟ್ಟಿಯಾಗಿ ಕಟ್ಟಿಸಿಕೊಳ್ಳಿ. ಅರ್ಧ ಖರ್ಚು ಅಲ್ಲೇ ಉಳಿಯಿತು. ಹಬ್ಬು, ರಿಮ್ಮು ಎರಡೂ ಸರಿಯಿದ್ದು ಬರೀ ಬಿಗಿ ತಪ್ಪಿದ್ದರೆ ಹೊಸ ಚಕ್ರದ ಮಾತೇ ಬೇಡ. ಹೊಸ ಕಡ್ಡಿ ಹಾಕಿಸಿ, ಅದೇ ಹಬ್ಬಿನ ಮೇಲೆ ಕಟ್ಟಿಸಿ.

ಹೊಸದಾಗಿ ಕಟ್ಟಿಸುವವರು ಮೊದಲು ಕಡ್ಡಿಗಳ ಎಣಿಕೆ ನೋಡಿ. 90 ಕೆಜಿ ದಾಟಿದವರಿಗೆ ಹಿಂದೆ 32ಕ್ಕಿಂತ ಕಡಿಮೆ ಕಟ್ಟಲು ನನಗೆ ಮನಸ್ಸೇ ಬರುವುದಿಲ್ಲ. 115 ದಾಟಿದವರಿಗೆ 36. ಕಡ್ಡಿ ಹೆಚ್ಚಿದ್ದರೆ ಒಂದೊಂದರ ಪಾಲಿಗೆ ಬರುವ ಭಾರ ಕಡಿಮೆ. ದಾರಿಯಲ್ಲಿ ಒಂದು ಮುರಿದರೂ 32ರ ಚಕ್ರ ತುಸು ವಾಲುತ್ತದೆ ಅಷ್ಟೇ, ಬ್ರೇಕ್ ಸ್ವಲ್ಪ ಸಡಿಲಿಸಿಕೊಂಡು ಮನೆ ಸೇರಬಹುದು. 20ರ ಚಕ್ರ ಫ್ರೇಮಿಗೇ ತಾಗಿ ನಿಂತುಬಿಡುತ್ತದೆ.

ಕಡ್ಡಿಯ ವಿಷಯದಲ್ಲಿ ಹೆಚ್ಚಿನವರು ತಿಳಿದಿರುವುದು ತಿರುವುಮುರುವು. ದಪ್ಪ ಕಡ್ಡಿಯೇ ಗಟ್ಟಿ ಎಂದು ಉದ್ದಕ್ಕೂ 2 ಮಿ.ಮೀ. ಇರುವುದನ್ನೇ ಕೇಳುತ್ತಾರೆ. ನಾನು ಹಾಕುವುದು ಎರಡೂ ತುದಿಯಲ್ಲಿ 2 ಮಿ.ಮೀ. ಇದ್ದು ನಡುವೆ 1.8ಕ್ಕೆ ಇಳಿಯುವ ಬಟೆಡ್ ಕಡ್ಡಿ. ನಡುವೆ ಸಣ್ಣಗಿದ್ದರೆ ಕಡ್ಡಿ ಕೂದಲೆಳೆಯಷ್ಟು ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಮೊಣಕೈ ಮೇಲೆ ಬೀಳಬೇಕಾದ ಪೆಟ್ಟನ್ನು ಆ ಹಿಗ್ಗು ನುಂಗಿಕೊಳ್ಳುತ್ತದೆ. ನೆಲದ ಹತ್ತಿರ ಬಂದಾಗಲೂ ಪೂರ್ತಿ ಸಡಿಲವಾಗುವುದಿಲ್ಲ. ಎಡಬದಿಗೆ ನಡುವೆ 1.5 ಇರುವುದನ್ನೂ ಹಾಕುತ್ತೇನೆ, ಅಲ್ಲಿ ಬಿಗಿ ಕಡಿಮೆ ಇರುವುದರಿಂದ ಹಿಗ್ಗು ಇನ್ನೂ ಬೇಕು. ತೀರಾ ಭಾರದವರಿಗೆ ಬಲಬದಿಯಲ್ಲಿ ಡಿಟಿ ಸ್ವಿಸ್ ಕಂಪನಿಯ ಆಲ್ಪೈನ್ 3 ಕಡ್ಡಿ. ಅದರ ಮೊಣಕೈ 2.34 ಮಿ.ಮೀ. ದಪ್ಪ, ನಡು ಅದೇ 1.8. ನಿಪ್ಪಲ್ ಹಿತ್ತಾಳೆಯದ್ದೇ ಇರಲಿ. ಅಲ್ಯೂಮಿನಿಯಂನದು ಕೆಲವು ಗ್ರಾಂ ಉಳಿಸುತ್ತದೆ, ಆದರೆ ಬೆವರು, ಮಳೆನೀರಿಗೆ ತುಕ್ಕು ತಿಂದು ಕಚ್ಚಿಕೊಂಡು ಮುಂದೆ ತಿರುಗಿಸಲು ಹೋದರೆ ಮೂಲೆ ಸವೆದು ಉರುಟಾಗುತ್ತದೆ.

ಹಬ್ಬಿಗೆ ಶಿಮಾನೋ ಕಂಪನಿಯ ಟಿಯಾಗ್ರಾ ಇಲ್ಲವೇ 105 ದರ್ಜೆಯದು ಧಾರಾಳವಾಗಿ ಸಾಕು. ಗುಂಡು ಬೇರಿಂಗ್, ಬಿಚ್ಚಿ ತೊಳೆದು ಗ್ರೀಸ್ ತುಂಬಿ ಮತ್ತೆ ಹೊಂದಿಸಬಹುದು. ಕೊಳ್ಳುವ ಮುನ್ನ ಹಬ್ಬಿನ ಅಗಲದ ಅಳತೆ ನೋಡಿಕೊಳ್ಳಿ: ರಿಮ್ ಬ್ರೇಕಿನ ರೋಡ್ ಸೈಕಲ್ಲಿನ ಹಿಂದೆ 130 ಮಿ.ಮೀ., ಈಗಿನ ಡಿಸ್ಕ್ ಬ್ರೇಕಿನವಕ್ಕೆ 142.

ರಿಮ್ ಅಲ್ಯೂಮಿನಿಯಂನದು, 24ರಿಂದ 30 ಮಿ.ಮೀ. ಎತ್ತರ, ಒಳ ಅಗಲ 19ರಿಂದ 21, ತೂಕ 450 ಗ್ರಾಂಗಿಂತ ಮೇಲೆ. ಅದಕ್ಕಿಂತ ಹಗುರದ ರಿಮ್ಮಿನಲ್ಲಿ ಕಡ್ಡಿ ತೂತಿನ ಸುತ್ತ ಬಿರುಕು ಬೇಗ ಬರುವುದನ್ನು ಕಂಡಿದ್ದೇನೆ. ಕಾರ್ಬನ್ ಬಗ್ಗೆ ಕೇಳುವವರಿಗೆ ಒಂದು ಎಚ್ಚರಿಕೆ. ರಿಮ್ ಬ್ರೇಕ್ ಇರುವ ಸೈಕಲ್ಲಿಗೆ ಅಗ್ಗದ ಕಾರ್ಬನ್ ರಿಮ್ ಖಂಡಿತ ಬೇಡ. ಉದ್ದ ಇಳಿಜಾರಿನಲ್ಲಿ ಭಾರದ ಸವಾರ ಬ್ರೇಕ್ ಹಿಡಿದಾಗ ಹುಟ್ಟುವ ಕಾವೆಲ್ಲ ಆ ರಿಮ್ಮಿನ ಅಂಚಿಗೇ ಬೀಳುತ್ತದೆ.

ತಯಾರಕರು ಬರೆದಿರುವ ಗರಿಷ್ಠ ತೂಕವನ್ನು ಗಮನವಿಟ್ಟು ಓದಿ. 110, 120 ಎಂದೆಲ್ಲ ಇರುತ್ತದೆ, ಸಾಮಾನ್ಯವಾಗಿ ಅದು ಸವಾರ, ಸೈಕಲ್, ಸಾಮಾನು ಎಲ್ಲ ಸೇರಿದ ಲೆಕ್ಕ. ಆ ಕಡ್ಡಿ ಮುರಿದವರ ತೂಕ 102, ಸೈಕಲ್ 9, ನೀರಿನ ಬಾಟಲಿ, ಶೂ, ಚೀಲ ಸೇರಿ 4. ಅಲ್ಲಿಗೆ 115 ಆಯಿತು. 'ನಾನು 110ಕ್ಕಿಂತ ಕಡಿಮೆ ಇದ್ದೀನಲ್ಲ' ಎಂದು ಕೊಂಡಿದ್ದರು ಪಾಪ.

ಗಟ್ಟಿ ಚಕ್ರ 300 ಗ್ರಾಂ ಹೆಚ್ಚು ತೂಗುತ್ತದೆ ಎಂಬ ಅಳುಕು ಅವರಿಗಿತ್ತು. ಅವರ ಮುಂದೆಯೇ ಲೆಕ್ಕ ಹಾಕಿದೆ. 115 ಕೆಜಿಯಲ್ಲಿ 300 ಗ್ರಾಂ ಅಂದರೆ ಸಾವಿರದಲ್ಲಿ ಮೂರು ಪಾಲೂ ಇಲ್ಲ. ಒಂದು ಗಂಟೆ ಹಿಡಿಯುವ ಕಡಿದಾದ ಏರಿನಲ್ಲಿ ಹತ್ತು ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ. ರಿಮ್ಮಿನ ಅಂಚಿನ ತೂಕ ವೇಗ ಏರಿಸುವಾಗ ಎರಡರಷ್ಟು ಕಾಡುತ್ತದೆ ಎನ್ನುವುದು ನಿಜ, ಹಾಗೆಂದುಕೊಂಡರೂ ಅದು 600 ಗ್ರಾಂ, ಒಂದು ಬಾಟಲಿ ನೀರು.

ಇವೆಲ್ಲಕ್ಕಿಂತ ಅಗ್ಗದ ಸುಧಾರಣೆ ಟೈರ್. ಫ್ರೇಮು, ಬ್ರೇಕುಗಳ ನಡುವೆ ಜಾಗ ಇದ್ದರೆ 28, ಸಾಧ್ಯವಾದರೆ 32 ಮಿ.ಮೀ. ಅಗಲದ್ದು ಹಾಕಿ. ಗಾಳಿಯ ಒತ್ತಡ ಇಳಿಸಬಹುದು, ಹೊಂಡದ ಪೆಟ್ಟು ರಿಮ್ಮಿಗೆ ತಲುಪುವ ಮೊದಲೇ ಟೈರು ನುಂಗುತ್ತದೆ. ಒಳಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ ಈಗ ಬಹಳ ಬರುತ್ತಿವೆ. ಅವುಗಳಲ್ಲಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟುವಂತಿಲ್ಲ. ನೂರು ಕೆಜಿಯವರು 28ರ ಟೈರಿಗೆ ಅಷ್ಟು ಗಾಳಿ ಸಾಲದೆ ಮೇಲೆ ತುಂಬಲು ಹೋಗುತ್ತಾರೆ, ಟೈರ್ ಕಳಚಿ ಹಾರುವ ಅಪಾಯ ಇದೆ. ಕೊಕ್ಕೆ ಇರುವ ರಿಮ್ಮನ್ನೇ ಆರಿಸಿ.

ಇಷ್ಟೆಲ್ಲ ಒಳ್ಳೆಯ ಸಾಮಾನು ತಂದರೂ ಕಟ್ಟುವ ಕೈ ಅವಸರ ಮಾಡಿದರೆ ವ್ಯರ್ಥ. ಕಟ್ಟುವವರ ಹತ್ತಿರ ಬಿಗಿ ಅಳೆಯುವ ಮೀಟರ್ ಇದೆಯೇ ಎಂದು ಕೇಳಿ. ಒಂದೇ ಬದಿಯ ಕಡ್ಡಿಗಳೆಲ್ಲ ಒಂದೇ ಬಿಗಿಯಲ್ಲಿರಬೇಕು, ರಿಮ್ ಸುತ್ತು ಸರಿಯಿದ್ದ ಮಾತ್ರಕ್ಕೆ ಆಗಲಿಲ್ಲ. ಕಟ್ಟಿದ ಮೇಲೆ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಜೋರಾಗಿ ಹಿಂಡುತ್ತೇವೆ. ಮೊಣಕೈಗಳು ಹಬ್ಬಿನಲ್ಲಿ ಸರಿಯಾಗಿ ಕೂರುವುದು, ಲೋಹದೊಳಗೆ ಉಳಿದ ಒತ್ತಡ ಇಳಿಯುವುದು ಆಗಲೇ. ಇದನ್ನು ಬಿಟ್ಟರೆ ಮೊದಲ ನೂರು ಕಿಲೋಮೀಟರಿನಲ್ಲೇ ಚಕ್ರ ಔಟ್ ಆಗುತ್ತದೆ. ಹೇಗೂ ಮೊದಲ 200 ಕಿಲೋಮೀಟರ್ ಆದ ಮೇಲೆ ಒಂದು ಸಲ ತಂದು ತೋರಿಸಿ ಅನ್ನುತ್ತೇನೆ.

102 ಕೆಜಿಯವರಿಗೆ 32 ಕಡ್ಡಿಯ ಹಿಂದಿನ ಚಕ್ರ ಕಟ್ಟಿಕೊಟ್ಟೆ, ಮುಂದಿನದರ ಬಿಗಿ ಸರಿಮಾಡಿದೆ ಅಷ್ಟೇ. ಐದು ಸಾವಿರ ಕಿಲೋಮೀಟರ್ ಮುಗಿಸಿ ಮೊನ್ನೆ ಬಂದಿದ್ದರು. ಸ್ಟ್ಯಾಂಡಿಗೆ ಏರಿಸಿ ತಿರುಗಿಸಿದರೆ ಅರ್ಧ ಮಿ.ಮೀ. ಕೂಡ ಔಟ್ ಇರಲಿಲ್ಲ. ಟಾರ್ಚ್ ಹಿಡಿದು ಪ್ರತಿ ನಿಪ್ಪಲಿನ ಸುತ್ತ ಬಿರುಕಿದೆಯೇ ಎಂದು ನೋಡುವುದನ್ನು ಅವರಿಗೂ ಕಲಿಸಿದೆ. ಎಡಬದಿಯ ಕಡ್ಡಿಗಳನ್ನು ಈ ಸಲ ಅವರೇ ಮೀಟಿದರು. ಹದಿನಾರೂ ಒಂದೇ ಸ್ವರದಲ್ಲಿ ನುಡಿದವು.