ಎಂಜಿನ್ನಿಗೆ ಉಸಿರು ಕಟ್ಟುವುದು ಎಲ್ಲಿ?

ಎರಡು ಮೂರು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ, ಚೂರು ಬಣ್ಣ ಬೆರೆಸಿದ ನೀರು, ಒಂದು ಹಲಗೆ, ಒಂದು ಸ್ಕೇಲು. ದುಬಾರಿ ಸ್ಪೋರ್ಟ್ಸ್ ಸೆಡಾನಿಗೆ ಹೊಸ ಇಂಟೇಕ್ (ಗಾಳಿ ಒಳಬರುವ ದಾರಿ), ಹೊಸ ಎಕ್ಸಾಸ್ಟ್ (ಹೊಗೆ ಹೊರಹೋಗುವ ದಾರಿ) ಹಾಕಿಸಲು ಹೊರಟವರು ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು ಇಷ್ಟೇ. ನಳಿಕೆಯನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧಕ್ಕೆ ನೀರು ತುಂಬಿ. ಒಂದು ತುದಿಯನ್ನು ಏರ್ ಫಿಲ್ಟರಿಗೂ ಥ್ರಾಟಲಿಗೂ (ಆಕ್ಸಿಲರೇಟರ್ ಒತ್ತಿದಂತೆ ಗಾಳಿಗೆ ತೆರೆದುಕೊಳ್ಳುವ ಕವಾಟ) ನಡುವೆ ಇರುವ ಕೊಳವೆಗೆ ಸಿಕ್ಕಿಸಿ, ಇನ್ನೊಂದು ತುದಿ ಹೊರಗಿನ ಗಾಳಿಗೆ ತೆರೆದಿರಲಿ. (ನಳಿಕೆ ಸಾಕಷ್ಟು ಎತ್ತರವಿರಲಿ, ನೀರು ಎಂಜಿನ್ನಿನೊಳಗೆ ಹೋಗಬಾರದು.) ರೇಸ್ ಟ್ರ್ಯಾಕಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎರಡೂ ಕಡೆಯ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಬಂತು ಎಂದು ಪಕ್ಕದಲ್ಲಿ ಕುಳಿತವರು ಓದಲಿ.

10 ಸೆಂ.ಮೀ. ವ್ಯತ್ಯಾಸ ಬಂದರೆ ವಾತಾವರಣದ ಒತ್ತಡದಲ್ಲಿ ಸುಮಾರು ಶೇ. 1ರಷ್ಟು ದಾರಿಯಲ್ಲೇ ಸೋರಿಹೋಗಿದೆ ಎಂದರ್ಥ. 15 ಸೆಂ.ಮೀ. ಬಂತೆನ್ನಿ. ಆಗ ಲೋಕದ ಅತ್ಯುತ್ತಮ ಫಿಲ್ಟರ್ ಹಾಕಿಸಿದರೂ ಗಾಳಿ ಹೆಚ್ಚುವುದು ಶೇ. ಒಂದೂವರೆಯಷ್ಟು, ಟರ್ಬೊ (ಹೊಗೆಯ ಬಲದಿಂದ ತಿರುಗಿ ಗಾಳಿಯನ್ನು ಒಳಕ್ಕೆ ಒತ್ತುವ ಯಂತ್ರ) ಇಲ್ಲದ 450 ಅಶ್ವಶಕ್ತಿಯ ಎಂಜಿನ್ನಿಗೆ ಸಿಗುವುದು ಏಳೂ ತುಂಬದಷ್ಟು ಅಶ್ವಶಕ್ತಿ. ಡಬ್ಬಿಯ ಮೇಲೆ ಮೂವತ್ತು ಎಂದು ಬರೆದಿದ್ದರೆ ಉಳಿದದ್ದು ಎಲ್ಲಿಂದ ಬರುತ್ತದೆ ಎಂದು ಮಾರುವವರನ್ನೇ ಕೇಳಬೇಕು.

ಎಂಜಿನ್ ಎಂದರೆ ಮೂಲತಃ ಗಾಳಿಯ ಪಂಪು. 5 ಲೀಟರಿನ ವಿ8 ಎಂಜಿನ್ ನಿಮಿಷಕ್ಕೆ 6000 ಸುತ್ತು, ಅಂದರೆ 6000 ಆರ್‌ಪಿಎಂನಲ್ಲಿ ತಿರುಗುವಾಗ ನಿಮಿಷಕ್ಕೆ ಹತ್ತಿರ ಹತ್ತಿರ 15,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ತೂಕದಲ್ಲಿ ಅದು ಸುಮಾರು 18 ಕಿಲೋ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕಾದ್ದರಿಂದ, ಅಷ್ಟು ಗಾಳಿಗೆ ಒಂದೂಕಾಲು ಕಿಲೋದಷ್ಟು ಪೆಟ್ರೋಲು ಸಾಕು. ಪೆಟ್ರೋಲನ್ನು ಪಂಪು ಒತ್ತಿ ಒಳಗೆ ಚಿಮ್ಮಿಸಿಬಿಡುತ್ತದೆ. ಗಾಳಿಯದ್ದೇ ತಕರಾರು.

ಈ ತಕರಾರು ಕಾರ್ಖಾನೆಯವರಿಗೆ ಗೊತ್ತಿಲ್ಲದ್ದೇನಲ್ಲ. 1998ರ ಬಿಎಂಡಬ್ಲ್ಯು ಎಂ5ರ ವಿ8 ಎಂಜಿನ್ನಿನಲ್ಲಿ ಎಂಟು ಸಿಲಿಂಡರಿಗೆ ಎಂಟು ಥ್ರಾಟಲ್‌ಗಳಿದ್ದವು. ಲೆಕ್ಸಸ್ ಐಎಸ್ ಎಫ್ ಕಾರಿನಲ್ಲಿ ಎಂಜಿನ್ ವೇಗವಾಗಿ ತಿರುಗತೊಡಗಿದರೆ ಗಾಳಿಗೆ ಇನ್ನೊಂದು ದಾರಿ ತೆರೆದುಕೊಳ್ಳುತ್ತಿತ್ತು. ಇಂಥ ಕಾರುಗಳ ಬಾನೆಟ್ಟಿನಡಿ ಏರ್ ಫಿಲ್ಟರ್ ಇರುವ ಕಪ್ಪು ಪ್ಲಾಸ್ಟಿಕ್ ಡಬ್ಬ ನೋಡಲು ಪೆದ್ದುಪೆದ್ದಾಗಿರಬಹುದು. ಆದರೆ ಅದರ ಮೂತಿ ಗ್ರಿಲ್ಲಿನ ಹಿಂದೆ ತಣ್ಣನೆಯ ಗಾಳಿ ಇರುವಲ್ಲಿಗೆ ಚಾಚಿರುತ್ತದೆ. ಒಳಗೆ ಕೊಳವೆ ಶುರುವಾಗುವಲ್ಲಿ ಬೆರಳಾಡಿಸಿ ನೋಡಿ: ಅಂಚು ತುತ್ತೂರಿಯ ಬಾಯಿಯಂತೆ ಹೊರಕ್ಕೆ ಮಡಚಿಕೊಂಡಿರುತ್ತದೆ. ಗಾಳಿ ಚೂಪಾದ ಅಂಚಿನ ಸುತ್ತ ತಿರುಗಲಾರದೆ ಸುಳಿಯೇಳುತ್ತದೆ, ಇಂಥ ದುಂಡು ಅಂಚಿನ ಮೇಲೆ ನಯವಾಗಿ ಜಾರುತ್ತದೆ.

ಆ ಡಬ್ಬ ಕಿತ್ತು ಕೋನಿನಾಕಾರದ ಫಿಲ್ಟರೊಂದನ್ನು ಬಾನೆಟ್ಟಿನಡಿ ಬೋಳಾಗಿ ನಿಲ್ಲಿಸಿದರೆ ಏನಾಗುತ್ತದೆ? ಹೊರಗೆ 25 ಡಿಗ್ರಿ, ಎಂಜಿನ್ನಿನ ಪಕ್ಕ 55 ಡಿಗ್ರಿ ಇದ್ದರೆ ಎಳೆದುಕೊಳ್ಳುವ ಗಾಳಿಯ ಸಾಂದ್ರತೆ ಶೇ. 9ರಷ್ಟು ಇಳಿಯುತ್ತದೆ. ಒಂದೂವರೆ ಗಳಿಸಲು ಹೋಗಿ ಒಂಬತ್ತು ಕಳೆದುಕೊಂಡ ಹಾಗೆ! ಡೈನೊ ಪರೀಕ್ಷೆಯಲ್ಲಿ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವಾಗ) ಈ ನಷ್ಟ ಅಡಗಿಕೊಳ್ಳುವುದೂ ಉಂಟು, ಏಕೆಂದರೆ ಅಲ್ಲಿ ಬಾನೆಟ್ ತೆರೆದಿಟ್ಟು ಎದುರಿಗೆ ದೊಡ್ಡ ಫ್ಯಾನ್ ಹಚ್ಚಿರುತ್ತಾರೆ. ಗ್ರಾಫ್ ತೋರಿಸಿದರೆ ನಾನು ಮೊದಲು ಕೇಳುವ ಪ್ರಶ್ನೆಯೇ ಬಾನೆಟ್ ಮುಚ್ಚಿತ್ತೋ ಇಲ್ಲವೋ ಎಂದು.

ಇನ್ನು ಧೂಳು. ಫಿಲ್ಟರ್ ಎಷ್ಟು ಗಾಳಿ ಬಿಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಎಷ್ಟು ಧೂಳು ತಡೆಯುತ್ತದೆ ಎಂದು ಹೇಳುವವರು ಕಡಿಮೆ. ಐಎಸ್‌ಒ 5011 ಎಂಬ ಪರೀಕ್ಷೆ ಇರುವುದೇ ಇವೆರಡನ್ನೂ ಅಳೆಯಲು. ಅದರ ಅಂಕಿ ಕೇಳಿ ಪಡೆಯಿರಿ. ಎಣ್ಣೆ ಸವರುವ ಹತ್ತಿಯ ಫಿಲ್ಟರಾದರೆ ಕೈ ಬಿಗಿ ಇರಲಿ. ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ಬಿಸಿ ತಂತಿಗೆ ಮೆತ್ತಿಕೊಂಡು ಲೆಕ್ಕ ತಪ್ಪಿಸಬಹುದು.

ಹೊರಬಿಡುವ ಕಡೆಗೆ ಬಂದರೆ ಭೌತಶಾಸ್ತ್ರ ಇನ್ನೂ ಸೊಗಸು. ಎಂಜಿನ್ನಿಗೆ ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಯನ್ನು ತಡೆಯುವ ಒತ್ತಡ) ಬೇಕೇ ಬೇಕು ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಕೇಳಿರುತ್ತೀರಿ. ಅದು ಬೇಕಿಲ್ಲ, ಬೇಕಿರುವುದು ಹೊಗೆಯ ವೇಗ. ಎಕ್ಸಾಸ್ಟ್ ಕವಾಟ ತೆರೆದಾಗ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. 600 ಡಿಗ್ರಿ ಬಿಸಿಯಲ್ಲಿ ಅದರ ವೇಗ ಸೆಕೆಂಡಿಗೆ 580 ಮೀಟರಿನ ಆಸುಪಾಸು. ಕೊಳವೆ ಒಮ್ಮೆಲೇ ಅಗಲವಾಗುವ ಕಡೆ ಅದು ತಿರುಗಿಬೀಳುತ್ತದೆ, ಬರುವಾಗ ಒತ್ತಡದ ಬದಲು ಸೆಳೆತ ಹೊತ್ತು ತರುತ್ತದೆ. ಇಂಟೇಕ್ ಕವಾಟ ಆಗಷ್ಟೇ ತೆರೆದಿರುವ ಹೊತ್ತಿಗೆ ಆ ಸೆಳೆತ ಬಂದು ಮುಟ್ಟಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಗುಡಿಸಿಕೊಂಡು ಹೋಗುತ್ತದೆ, ಹೊಸ ಗಾಳಿಯನ್ನೂ ಒಳಕ್ಕೆಳೆಯುತ್ತದೆ. ಒಂದೊಂದು ಉದ್ದದ ಕೊಳವೆಗೆ ಈ ತಾಳ ಕೂಡುವುದು ಒಂದೊಂದು ಆರ್‌ಪಿಎಂನಲ್ಲಿ. 57 ಮಿ.ಮೀ. ಪೈಪ್ ತೆಗೆದು 76 ಮಿ.ಮೀ. ಹಾಕಿದರೆ ಅದರ ಅಡ್ಡಕೊಯ್ತ ಒಂದೂಮುಕ್ಕಾಲು ಪಟ್ಟಾಗುತ್ತದೆ, ಹೊಗೆಯ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ನಾಲ್ಕು ಅಶ್ವಶಕ್ತಿ ಸಿಕ್ಕೀತು, ದಿನಾ ಓಡಿಸುವ ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸೊರಗೀತು.

ಟರ್ಬೊ ಇರುವ ಕಾರಿನ ಲೆಕ್ಕ ಬೇರೆ. ಅಲ್ಲಿ ಟರ್ಬೈನನ್ನು ತಿರುಗಿಸುವುದು ಅದರ ಹಿಂದುಮುಂದಿನ ಒತ್ತಡದ ಅಂತರ, ಹಾಗಾಗಿ ಆಚೆಯ ಪೈಪ್ ಸಡಿಲವಾದಷ್ಟೂ ಒಳ್ಳೆಯದೇ. ಆದರೆ ಇಂದಿನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕೆಂದು ತಾನೇ ಗೊತ್ತುಮಾಡಿ ಬೂಸ್ಟನ್ನು (ಟರ್ಬೊ ಕೊಡುವ ಗಾಳಿಯ ಒತ್ತಡವನ್ನು) ಅದಕ್ಕೆ ಸರಿಯಾಗಿ ಹಿಡಿದಿಡುತ್ತದೆ. ರೀಮ್ಯಾಪ್ ಮಾಡಿಸದೆ, ಅಂದರೆ ಇಸಿಯುವಿನ ಲೆಕ್ಕ ತಿದ್ದಿಸದೆ, ಪೈಪ್ ಮಾತ್ರ ಬದಲಿಸಿದರೆ ಟರ್ಬೊ ಬೇಗ ಎಚ್ಚರಗೊಂಡೀತು, ಗರಿಷ್ಠ ಶಕ್ತಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುವುದನ್ನು ನಾನಂತೂ ಹೇಳುವುದಿಲ್ಲ. ಅದು ಅನೇಕ ದೇಶಗಳಲ್ಲಿ ಅಪರಾಧ, ಮೇಲಿಂದ ವಾಸನೆ ಬೇರೆ. ಅದರ ಹಿಂದಿನ ಭಾಗವನ್ನಷ್ಟೇ ಬದಲಿಸುವ ‘ಕ್ಯಾಟ್-ಬ್ಯಾಕ್’ ಸೆಟ್ ಸಾಕು. ಅದರಿಂದ ಶಕ್ತಿ ಅಷ್ಟಕ್ಕಷ್ಟೆ, ಸಿಗುವುದು ಸದ್ದು. ಸದ್ದಿಗಾಗಿ ಹಣ ಕೊಡುವುದರಲ್ಲಿ ನಾಚಿಕೆಯೇನಿಲ್ಲ. 2011ರ ಎಂ5ರಲ್ಲಿ ಬಿಎಂಡಬ್ಲ್ಯು ಎಂಜಿನ್ ಸದ್ದನ್ನು ಸ್ಪೀಕರಿನಲ್ಲೇ ಕೇಳಿಸಿತ್ತು.

ಸದ್ದಿಗೆಂದು ಕೊಳ್ಳುವುದಾದರೆ ಕಿವಿಯಿಂದಲೇ ಆರಿಸಬೇಕು. ಎದೆ ನಡುಗಿಸುವ ಗರ್ಜನೆ ಮೊದಲ ಐದು ನಿಮಿಷ ಚೆಂದ. ಹೆದ್ದಾರಿಯಲ್ಲಿ 2000 ಆರ್‌ಪಿಎಂ ಹಿಡಿದು ಹೋಗುವಾಗ ಆರು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 100 ಸಲ ಸಿಡಿಯುತ್ತದೆ. ಆ 100 ಹರ್ಟ್ಸಿನ ಗುಂಯ್‌ಗುಡುವಿಕೆ ಕ್ಯಾಬಿನ್ನಿನಲ್ಲಿ ತುಂಬಿಕೊಂಡು ತಲೆ ಚಿಟ್ಟುಹಿಡಿಸುತ್ತದೆ. ಗೆಳೆಯರೊಬ್ಬರ ಕಾರಿನಲ್ಲಿ ಮೂರು ಗಂಟೆ ಅದನ್ನು ಸಹಿಸಿದ್ದೇನೆ, ಇಳಿದ ಮೇಲೂ ಕಿವಿಯಲ್ಲಿ ಅದೇ ಇತ್ತು. ಇದಕ್ಕೆ ಮದ್ದು ಒಂದು ತುದಿ ಮುಚ್ಚಿದ ಕವಲು ಕೊಳವೆ. ಅಲೆ ಅದರೊಳಗೆ ಹೋಗಿ ಗೋಡೆಗೆ ಬಡಿದು ವಾಪಸು ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದೆ ಬಿದ್ದು, ಮುಂದೆ ಬರುವ ಅಲೆಯನ್ನು ಅಳಿಸುತ್ತದೆ. ಉದ್ದ ಅಲೆಯ ಕಾಲು ಭಾಗ ಇರಬೇಕು: ಹೊಗೆ 300 ಡಿಗ್ರಿ ಇದ್ದರೆ 1.2 ಮೀಟರ್. ಅದೇ ಹೊಗೆ 100 ಡಿಗ್ರಿ ಇದ್ದಾಗ ಶಬ್ದದ ವೇಗ ಇಳಿದು ಈ ಕವಲು 80 ಹರ್ಟ್ಸನ್ನು ಅಳಿಸುತ್ತಿರುತ್ತದೆ, 100ರದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಹೊಸ ಎಕ್ಸಾಸ್ಟ್ ಕೇಳಲು ಹೋದಾಗ ಅರ್ಧ ಗಂಟೆ ಓಡಿಸಿ ಪೈಪ್ ಚೆನ್ನಾಗಿ ಕಾಯಲು ಬಿಡಿ. ಆಮೇಲೆ ಸ್ಟೀರಿಂಗನ್ನು ಬೇರೆಯವರಿಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕುಳಿತು ಕೇಳಿ. ಸೆಡಾನ್ ಅಲ್ಲವೇ, ಅಲ್ಲೂ ಜನ ಕೂರುತ್ತಾರೆ.