ಪಂಪು ನೀರನ್ನು ಎಳೆಯುವುದಿಲ್ಲ

ಬೇಸಿಗೆಯ ಒಂದು ಮಧ್ಯಾಹ್ನ ನಮ್ಮೂರಿನ ಕಣದಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಠಾಣೆಯಿಂದ ಬಂದ ಅಗ್ನಿಶಾಮಕ ವಾಹನ ತಂದ ನೀರನ್ನೆಲ್ಲ ಸುರಿದು ಮುಗಿಸಿದರೂ ಬಣವೆಯ ಹೊಟ್ಟೆಯೊಳಗೆ ಕೆಂಡ ಉಳಿದೇ ಇತ್ತು. ಪಕ್ಕದಲ್ಲೇ ಒಂದು ತೆರೆದ ಬಾವಿ. ಸಿಬ್ಬಂದಿಯೊಬ್ಬರು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೋಡಿದರು: ನೀರು 40 ಅಡಿ ಕೆಳಗಿದೆ. ‘ಆಗುವುದಿಲ್ಲ’ ಎಂದು ಹಗ್ಗ ಸುತ್ತಿಟ್ಟರು. ಜನ ರೇಗಿದರು. ‘ನನ್ನ ಬೋರ್‌ವೆಲ್ ಸಾವಿರ ಅಡಿಯಿಂದ ನೀರು ಎತ್ತುತ್ತದೆ, ಇಷ್ಟು ದೊಡ್ಡ ಗಾಡಿಗೆ 40 ಅಡಿ ಭಾರವೇ?’ ಎಂದ ಒಬ್ಬ ಯುವಕ. ಈ ಬಾವಿಗೆ ಗಂಗೆಪೂಜೆ ನಿಂತು ಮೂರು ವರ್ಷವಾಯಿತು, ಅದಕ್ಕೇ ನೀರು ಬಿಡುತ್ತಿಲ್ಲ ಎಂದು ಹಿರಿಯರೊಬ್ಬರು ಕಾರಣ ಹೇಳಿಯೂಬಿಟ್ಟರು.

ಹಿರಿಯರ ಉತ್ತರಕ್ಕೆ ತಲೆದೂಗಿದವರೇ ಹೆಚ್ಚು. ನನಗೆ ಮಾತ್ರ ಯುವಕನ ಪ್ರಶ್ನೆ ಹಿಡಿಸಿತು.

ವಾಹನ ನೀರಿಲ್ಲದೆ ಬಂತು ಎಂಬ ಹಳೆಯ ಆರೋಪವನ್ನು ಮೊದಲು ಮುಗಿಸಿಬಿಡುತ್ತೇನೆ. ಸಾಮಾನ್ಯ ಜಲವಾಹನದ ಟ್ಯಾಂಕಿನಲ್ಲಿ ಹಿಡಿಸುವುದು 4500 ಲೀಟರ್. ಅದರ ಪಂಪು ನಿಮಿಷಕ್ಕೆ 2250 ಲೀಟರ್ ಹೊರಹಾಕಬಲ್ಲದು. ಪೂರ್ಣ ಬಲದಲ್ಲಿ ಬಿಟ್ಟರೆ ಎರಡೇ ನಿಮಿಷ. ಟ್ಯಾಂಕಿನ ನೀರು ಬುತ್ತಿಯ ಹಾಗೆ, ದಾರಿಗೆ ಸಾಕು. ಹೊಟ್ಟೆ ತುಂಬಬೇಕಾದರೆ ಹೋದ ಊರಿನಲ್ಲೇ ಒಲೆ ಹಚ್ಚಬೇಕು. ಆದ್ದರಿಂದಲೇ ವಾಹನದ ಪಕ್ಕಕ್ಕೆ ಕಪ್ಪು ಬಣ್ಣದ ದಪ್ಪ ಹೀರುಕೊಳವೆಗಳನ್ನು ಕಟ್ಟಿರುತ್ತಾರೆ. ಬೆಂಕಿಗೆ ನೀರು ಹಾಯಿಸುವ ಬಟ್ಟೆಯ ಹೋಸ್ ಚಾಪೆಯಂತೆ ಸುರುಳಿಯಾಗುತ್ತದೆ, ಆದರೆ ಹೀರುಕೊಳವೆ ಮಣಿಯುವುದೇ ಇಲ್ಲ. ಅದರ ಗೋಡೆಯೊಳಗೆ ತಂತಿಯ ಸುರುಳಿ ಇದೆ. ಹೊರಗಿನ ಗಾಳಿ ಅದನ್ನು ಹಿಸುಕಿ ಚಪ್ಪಟೆ ಮಾಡದಿರಲೆಂದು ಆ ಏರ್ಪಾಡು.

ಗುಟ್ಟೆಲ್ಲ ಆ ಗಾಳಿಯಲ್ಲೇ ಇದೆ. ಪಂಪು ನೀರನ್ನು ಎಳೆಯುವುದಿಲ್ಲ, ಯಾವ ಪಂಪೂ ಎಳೆಯಲಾರದು. ನೀರಿಗೆ ಕಟ್ಟಿ ಜಗ್ಗಲು ಅದೇನು ಹಗ್ಗವೇ? ಎಳನೀರಿಗೆ ಕೊಳವೆ ಹಾಕಿ ನಾವು ಹೀರುವಾಗಲೂ ನಮ್ಮ ಕೆಲಸ ಬಾಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸುವುದಷ್ಟೇ. ಕಾಯಿಯೊಳಗಿನ ನೀರಿನ ಮೇಲೆ ಕುಳಿತ ಗಾಳಿ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಜಾತ್ರೆಯಲ್ಲಿ ಹಿಂದಿನವರು ನೂಕಿದರೆ ಮುಂದಿನವರು ಗುಡಿಯೊಳಗೆ ಹೋಗುವುದಿಲ್ಲವೇ, ಹಾಗೆ. ದೇವರು ಎಳೆದನೆಂದು ಬೇಕಾದರೆ ಹೇಳಿಕೊಳ್ಳಬಹುದು.

ವಾಹನದ ಪಂಪಿಗೆ ಇನ್ನೊಂದು ಹಟವೂ ಇದೆ. ಅದರ ಒಳಗೆ ತಿರುಗುವ ಚಕ್ರ ಕಡೆಗೋಲಿನಂತೆ ನೀರನ್ನು ಅಂಚಿಗೆ ಎಸೆದು ಒತ್ತಡ ಹುಟ್ಟಿಸುತ್ತದೆ. ಖಾಲಿ ಗಡಿಗೆಯಲ್ಲಿ ಕಡೆಗೋಲು ಎಷ್ಟು ಆಡಿಸಿದರೂ ಬೆಣ್ಣೆ ಬಾರದು. ಕೊಳವೆಯಲ್ಲಿ ಬರೀ ಗಾಳಿಯಿದ್ದರೆ ಈ ಚಕ್ರದ ಗತಿಯೂ ಅಷ್ಟೇ. ಅದಕ್ಕೆ ಮೊದಲು ಪ್ರೈಮರ್ ಎಂಬ ಸಾಧನ ಒಳಗಿನ ಗಾಳಿಯನ್ನು ಹೊರಹಾಕಬೇಕು. ಕೊಳವೆಯ ಸಂದಿನಲ್ಲಿ ಒಂದು ರಬ್ಬರ್ ವಾಷರ್ ಸವೆದಿದ್ದರೂ ಸಾಕು, ತೂತು ಬಿದ್ದ ಕೊಳವೆಯಲ್ಲಿ ಎಳನೀರು ಹೀರಿದಂತೆ ಬುಸಬುಸ ಸದ್ದು ಮಾತ್ರ ಬರುತ್ತದೆ.

ಗಾಳಿ ಎಷ್ಟು ಎತ್ತರಕ್ಕೆ ನೂಕಬಲ್ಲದು? ಇಟಲಿಯ ಬಾವಿ ಕೆಲಸಗಾರರಿಗೆ ಇದು 17ನೇ ಶತಮಾನದಲ್ಲೇ ಗೊತ್ತಿತ್ತು: ಸುಮಾರು 10 ಮೀಟರ್ ದಾಟಿದರೆ ಹೀರುವ ಪಂಪು ಸೋಲುತ್ತದೆ. ಗೆಲಿಲಿಯೊಗೆ ಈ ಸಂಗತಿ ತಿಳಿದಿತ್ತು. ತನ್ನ ತೂಕಕ್ಕೇ ತುಂಡಾಗುವ ಹಗ್ಗದಂತೆ ನೀರಿನ ಕಂಬ ಕಡಿಯುತ್ತದೆ ಎಂದುಕೊಂಡ. ಅಷ್ಟು ದೊಡ್ಡ ತಲೆಯೂ ನಮ್ಮೂರ ಯುವಕನಂತೆ ‘ಎಳೆಯುವುದು’ ಎಂಬ ಮಾತಿಗೆ ಸಿಕ್ಕಿಬಿದ್ದಿತ್ತು ನೋಡಿ. ಪಾದರಸದ ಕೊಳವೆಯ ಪ್ರಯೋಗದ ನಂತರ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಗಂಟು ಬಿಡಿಸಿದ: ನಾವು ಗಾಳಿಯ ಸಾಗರದ ತಳದಲ್ಲಿ ವಾಸವಾಗಿದ್ದೇವೆ, ಒತ್ತುವುದು ಆ ಸಾಗರ.

ಸಮುದ್ರಮಟ್ಟದಲ್ಲಿ ಆ ಮಿತಿ 34 ಅಡಿ. ಮಂಗಳೂರಿನ ವಾಹನಕ್ಕೆ ಆ ಲಾಭವಿದೆ. 900 ಮೀಟರ್ ಎತ್ತರದ ಬೆಂಗಳೂರಿನ ಮೇಲೆ ಗಾಳಿಯ ಹೊರೆ ಕಡಿಮೆ, ಹಾಗಾಗಿ ಸುಮಾರು 3 ಅಡಿ ಕಳೆಯಿತು. ಘರ್ಷಣೆ, ಸೋರಿಕೆ ಎಲ್ಲ ಸೇರಿದರೆ ನಿಜವಾಗಿ ದಕ್ಕುವುದು 25 ಅಡಿಯ ಆಸುಪಾಸು. ಇನ್ನು 40 ಅಡಿಯ ಮಾತೆಲ್ಲಿ?

ನೂಕುವುದಕ್ಕೆ ಇಂಥ ಕಟ್ಟಿಲ್ಲ. ರಾಜ್ಯದ ಅಗ್ನಿಶಾಮಕ ಇಲಾಖೆಯ ಬಳಿ 90 ಮೀಟರ್ ಎತ್ತರ ಮುಟ್ಟುವ ಏಣಿವಾಹನವಿದೆ. ಅಷ್ಟು ಮೇಲಕ್ಕೆ ನೀರು ಏರಿಸಲು ಪ್ರತಿ ಚದರ ಸೆಂಟಿಮೀಟರಿಗೆ 9 ಕಿಲೊ ಒತ್ತಡ ಬೇಕು. ಎಂಜಿನ್‌ಗೆ ಬಲವಿದ್ದರೆ, ಹೋಸ್ ತಾಳಿದರೆ ಆಯಿತು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪೂ ಇದೇ ಜಾತಿಯದು. ಸಾವಿರ ಅಡಿ ಕೆಳಗೆ ನೀರಿನಲ್ಲೇ ಮುಳುಗಿ ಕುಳಿತು ಅಲ್ಲಿಂದ ಮೇಲಕ್ಕೆ ನೂಕುತ್ತದೆ. ಕೆಂಪು ವಾಹನವನ್ನು ಬಾವಿಯೊಳಗೆ ಇಳಿಸಲು ಸಾಧ್ಯವಿದ್ದಿದ್ದರೆ ಅದೂ 40 ಅಡಿ ಎತ್ತರಕ್ಕೆ ನಗುನಗುತ್ತಾ ನೀರು ಚಿಮ್ಮಿಸುತ್ತಿತ್ತು.

ಇದನ್ನೆಲ್ಲ ಯುವಕನಿಗೆ ವಿವರಿಸಿದೆ. ಒಪ್ಪಿದ. ಹಾಗಾದರೆ ತನ್ನ ಬೋರ್‌ವೆಲ್ಲಿನಿಂದಲೇ ವಾಹನದ ಟ್ಯಾಂಕು ತುಂಬಿಸೋಣ ಎಂದು ಓಡಿಹೋಗಿ ಸ್ಟಾರ್ಟರ್ ಒತ್ತಿದ. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಹನ್ನೊಂದಕ್ಕೆ. ಅಷ್ಟರಲ್ಲಿ ವಾಹನ ಎರಡು ಮೈಲಿ ದೂರದ ಕೆರೆಗೆ ಹೊರಟಿತ್ತು. ಅಲ್ಲಿ ನೀರು ಏರಿಯಿಂದ ಎಂಟೇ ಅಡಿ ಕೆಳಗಿತ್ತು.